ಚಕ್ರದ ಕೆಳಗಿನ ಕಲ್ಲು

ಮಧುಗಿರಿಯಲ್ಲಿ ನಮ್ಮ ಬೀದಿ ಬೆಟ್ಟದ ಬುಡಕ್ಕೇ ಇದೆ, ಪೂರ್ತಿ ಇಳಿಜಾರು. ಇಲ್ಲಿ ಕಾರು ನಿಲ್ಲಿಸಿದವರು ಮೊದಲು ಹುಡುಕುವುದು ಕಲ್ಲನ್ನು. ಹ್ಯಾಂಡ್‌ಬ್ರೇಕ್ ಅಂತ ಒಂದಿದೆ ಎನ್ನುವುದೇ ನಮಗೆಲ್ಲ ಮರೆತುಹೋಗಿದೆ. ನಮ್ಮ ಹಳೇ ಕಾರಿನದಂತೂ ಎಳೆದರೂ ಹಿಡಿಯುತ್ತಿರಲಿಲ್ಲ. ಅದಕ್ಕೆ, ಮಿಕ್ಸಿ ಬಂದ ಮೇಲೆ ಮೂಲೆ ಸೇರಿದ್ದ ಚಟ್ನಿ ಅರೆಯುವ ಕಲ್ಲೇ ಕಾವಲು. ಹೊರಡುವಾಗ ನನ್ನ ಹೆಂಡತಿ ಬ್ರೇಕ್ ತುಳಿದು ಸ್ಟೇರಿಂಗ್ ಹಿಡಿದು ಕೂರುತ್ತಿದ್ದಳು. ನಾನು ಕಲ್ಲು ತೆಗೆದು ಓಡಿಹೋಗಿ ಪಕ್ಕದಲ್ಲಿ ಹತ್ತುತ್ತಿದ್ದೆ.

ಅವಳು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಕೊರಟಗೆರೆಯಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸಲು ಕರೆದರು, ಸೋಮವಾರದಿಂದ ಶುರು. ಮಿಷನ್ನು ಹೇರಿಕೊಂಡು ಹೋಗಬೇಕು, ಬಸ್ಸು ಆಗದು. ಕಾರು ಓಡಿಸಲು ಅವಳಿಗೆ ನನಗಿಂತ ಚೆನ್ನಾಗಿ ಬರುತ್ತದೆ. ಆದರೆ ನಾನು ದಿನಾ ಬೆಳಗ್ಗೆಯೇ ಕೋರ್ಟಿನ ಎದುರಿನ ನನ್ನ ಟೈಪಿಂಗ್ ಅಂಗಡಿ ತೆಗೆಯಬೇಕು. ಗೇರಿಗೆ ಹಾಕಿ ನಿಲ್ಲಿಸಿದರೂ ಕಾರು ಮೆಲ್ಲಗೆ ಜಾರುತ್ತಿತ್ತು. ಅವಳೊಬ್ಬಳೇ ಹೊರಟರೆ ಕಲ್ಲು ತೆಗೆಯುವವರು ಯಾರು?

“ಕಲ್ಲು ಎತ್ತಕ್ಕೆ ಒಬ್ಬ ಆಳು ಇಟ್ಕೋಬೇಕು ಕಣೇ ನೀನು,” ಎಂದು ರೇಗಿಸಿದೆ. ಅವಳು ನಗಲಿಲ್ಲ. ಬ್ರೇಕ್ ಸರಿಮಾಡಲು ಮೆಕ್ಯಾನಿಕ್ ಬುಧವಾರ ಕಾರು ತನ್ನಿ ಅಂದಿದ್ದ. ಅಷ್ಟರಲ್ಲಿ ಆ ಕೆಲಸ ಬೇರೆಯವರ ಪಾಲಾಗುತ್ತಿತ್ತು.

ಭಾನುವಾರ ಬೆಳಗ್ಗೆ ಎದುರು ಮನೆಯವರ ಮಟ್ಟಸವಾದ ಅಂಗಳಕ್ಕೆ ಕಾರು ಇಳಿಸಿದಳು. ಫೋನಿನಲ್ಲಿ ವಿಡಿಯೊ ನೋಡಿ ನೋಡಿ ಎಲ್ಲ ಬಾಯಿಪಾಠವಾಗಿತ್ತು ಅವಳಿಗೆ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಒಂದು ಚಕ್ರವನ್ನು ಜಾಕ್ ಹಾಕಿ ಎತ್ತಿದೆವು. ಅವಳು ಸೆರಗು ಸಿಕ್ಕಿಸಿಕೊಂಡು ಒಳಗೆ ಬಗ್ಗಿ, ಹ್ಯಾಂಡ್‌ಬ್ರೇಕ್ ಹಿಡಿಯ ಬುಡದ ಮುಚ್ಚಳ ಬಿಚ್ಚಿದಳು. ಅಲ್ಲಿ ಚಕ್ರಕ್ಕೆ ಹೋಗುವ ತಂತಿ, ಅದನ್ನು ಎಳೆದು ಹಿಡಿಯುವ ನಟ್ಟು. ಸ್ಪ್ಯಾನರ್ ಹಾಕಿ ಬಿಗಿ ಮಾಡಿದಳು. ನಾನು ಹೊರಗೆ ಚಕ್ರ ತಿರುಗಿಸಿ ನೋಡಿದೆ. ಹಿಡಿ ಕೆಳಗಿದ್ದರೂ ಚಕ್ರ ಅಲುಗಲಿಲ್ಲ.

“ಇರ್ಲಿ ಬುಡು, ಗಟ್ಟಿಯಾಗಿದ್ರೆ ಒಳ್ಳೇದೇ ಅಲ್ವಾ?” ಎಂದೆ.

“ಹೆಂಗ್ರೀ ಒಳ್ಳೇದು? ಮಿಷನ್ನಲ್ಲಿ ದಾರ ಬಿಗಿಯಾದ್ರೆ ಕಿತ್ತೋಯ್ತದೆ, ಸಡ್ಲ ಬುಟ್ರೆ ಹೊಲಿಗೆ ನಿಲ್ಲಲ್ಲ. ಇದೂ ಅಂಗೇಯ. ನೀವು ಸುಮ್ನೆ ಚಕ್ರ ತಿರುಗ್ಸಿ.”

ಒಂದು ಚೂರು ಸಡಿಲ, ಮತ್ತೆ ಒಂದು ಚೂರು ಬಿಗಿ. ನನಗಾಗಿದ್ದರೆ ತಾಳ್ಮೆ ಕೆಟ್ಟು ಸ್ಪ್ಯಾನರ್ ಎಸೆದು ಎದ್ದುಬಿಡುತ್ತಿದ್ದೆ. ರವಿಕೆಯ ತೋಳು ಕೂರಿಸುವಾಗ ಇರುವ ಅದೇ ಮುಖ ಅವಳದು, ತುಟಿ ಕಚ್ಚಿಕೊಂಡು, ಯಾರ ಮಾತೂ ಕಿವಿಗೆ ಬೀಳದೆ. ಜಾಕ್ ಆಚೆ ಬದಿಗೂ ಹಾಕಿ ನೋಡಿದೆವು. ಹಿಡಿ ಇಳಿಸಿದರೆ ಎರಡೂ ಕಡೆ ಚಕ್ರ ಸಲೀಸಾಗಿ ತಿರುಗಿ, ಎತ್ತಿದರೆ ಗಪ್ಪನೆ ನಿಲ್ಲುವಷ್ಟು ಹದ ಬಂದಾಗ ಬಿಸಿಲು ನೆತ್ತಿಗೇರಿತ್ತು.

ಆಮೇಲೆ ನಮ್ಮ ಬಾಗಿಲ ಮುಂದೆ, ಇಳಿಜಾರಿನಲ್ಲಿ ಕಾರು ನಿಲ್ಲಿಸಿ, ಹಿಡಿ ಎಳೆದು, ಗೇರು ಬಿಡಿಸಿ, “ಕಲ್ಲು ತೆಗೀರಿ,” ಎಂದಳು. ತೆಗೆದೆ. ಅವಳು ಬ್ರೇಕಿನಿಂದ ಕಾಲೆತ್ತಿದಳು. ಕಾರು ಕದಲಲಿಲ್ಲ. ನನಗೆ ಅವಳ ಬಗ್ಗೆ ಎಷ್ಟು ಹೆಮ್ಮೆಯಾಯಿತೆಂದರೆ, ಬೀದಿಯಲ್ಲಿ ಯಾರಾದರೂ ಸಿಕ್ಕರೆ ಕೂಗಿ ಹೇಳೋಣ ಅನ್ನಿಸಿತು.

ಆದರೂ ಅಂಜಿಕೆ ಹೋಗಬೇಕಲ್ಲ. ಸೋಮವಾರ ಅಂಗಡಿಗೆ ತಡವಾಗಿ ಹೋದರಾಯಿತೆಂದು ನಿಂತು ಮಿಷನ್ನು ಹೇರುವಾಗ, ಯಾತಕ್ಕೂ ಇರಲಿ ಎಂದು ಆ ಕಲ್ಲನ್ನು ಮೆಲ್ಲಗೆ ಡಿಕ್ಕಿಯಲ್ಲಿಟ್ಟೆ. ಅವಳು ನೋಡಿಬಿಟ್ಟಳು. ಎತ್ತಿ ತಂದು ನನ್ನ ಕೈಗೇ ಕೊಟ್ಟಳು.

“ಮಿಕ್ಸಿ ಚಟ್ನಿ ತಿಂದು ನಾಲಿಗೆ ಕೆಟ್ಟೋಗದೆ. ಇದ್ರಲ್ಲಿ ಸಂಜೀಗೆ ಹುಚ್ಚೆಳ್ಳು ಚಟ್ನಿ ಅರೆದಿಡಿ, ಬತ್ತೀನಿ.”

ಹ್ಯಾಂಡ್‌ಬ್ರೇಕ್ ಇಳಿಸಿ, ಒಬ್ಬಳೇ ಹೊರಟಳು. ಕಾರು ತಿರುವು ದಾಟುವವರೆಗೂ ನೋಡುತ್ತಾ ನಿಂತಿದ್ದು, ಆಮೇಲೆ ಕಲ್ಲು ತೊಳೆಯಲು ಒಳಗೆ ಹೋದೆ.