ಕರೆಂಟಿನ ಕಂಬದ ಮೇಲೆ ನಮ್ಮ ತಂತಿ

ಬೇರೆಯವರ ಕಂಬಕ್ಕೆ ನಮ್ಮ ತಂತಿ ಕಟ್ಟಬೇಕಾದರೆ ಮೊದಲು ಅವರನ್ನು ಕೇಳಬೇಕು. ಟೆಲಿಫೋನ್ ಖಾತೆಯ ಈ ನಿಯಮ ನಾನು ಮದುವೆಯಾಗಿ ನಾಗಪುರಕ್ಕೆ ಬಂದ ವರ್ಷವೇ ನನಗೆ ಬಾಯಿಪಾಠವಾಗಿತ್ತು. ನನ್ನ ಗಂಡನಿಗೆ ಮನೆಯಲ್ಲಿ ಮಾತಾಡಲು ಬೇರೆ ವಿಷಯವೇ ಇರಲಿಲ್ಲ. ಹಿತ್ತಲಲ್ಲಿ ಬಟ್ಟೆ ಒಣಹಾಕುವ ಎರಡು ಹಗ್ಗ ತೋರಿಸಿ, "ಮ್ಯಾಲಿಂದು ಕರೆಂಟು, ಕೆಳಗಿಂದು ಟೆಲಿಫೋನು ಅಂತ ತಿಳಕೋ" ಎಂದು ಪಾಠ ಶುರು ಮಾಡಿದವರು ಅವರು. ಹೊಸ ಹೆಂಡತಿ ನಾನು, ಹಿಂಡಿದ ಸೀರೆ ಕೈಯಲ್ಲಿ ಹಿಡಿದುಕೊಂಡು ಹೂಂಗುಟ್ಟುತ್ತಿದ್ದೆ.

ಒಂದೇ ಕಂಬದ ಮೇಲೆ ಎರಡೂ ಇರಬೇಕಾದರೆ ಕರೆಂಟು ಮೇಲೆ, ಟೆಲಿಫೋನು ಕೆಳಗೆ. ನಮ್ಮ ಲೈನ್‌ಮನ್ ಕೆಲಸ ಮಾಡುವಾಗ ಕೈ ಎತ್ತಿದರೂ ಮೇಲಿನದು ತಾಗಬಾರದು, ಅಷ್ಟು ಅಂತರ. ಮೇಲಿನ ತಂತಿ ಹರಿದರೆ ಕೆಳಗಿನದರ ಮೇಲೆ ಬೀಳದ ಹಾಗೆ ನಡುವೆ ಜೋಳಿಗೆಯಂತೆ ಅಡ್ಡತಂತಿ ಹೆಣೆಯಬೇಕು. ಅದಕ್ಕೆ ಗಾರ್ಡ್ ಎನ್ನುತ್ತಿದ್ದರು. ಗಾರ್ಡ್ ಕಟ್ಟುವುದು ಕರೆಂಟಿನವರ ಕೆಲಸ. ಒಟ್ಟಿನಲ್ಲಿ ಅಲ್ಲಿ ನಮ್ಮದು ಬಾಡಿಗೆಯವರ ಬಾಳು. ಮಾಲೀಕ ಮೇಲಿನ ಮನೆಯಲ್ಲಿ ಇದ್ದಾನೆಂದು ನೆನಪಿಟ್ಟುಕೊಂಡು ಇರಬೇಕು.

ನನ್ನ ಗಂಡ ಆಗ ಟೆಲಿಫೋನ್ ಖಾತೆಯಲ್ಲಿ ಹಂಗಾಮಿ ಇನ್‌ಸ್ಪೆಕ್ಟರ್. ಹಂಗಾಮಿ ಎಂದರೆ ಕುರ್ಚಿ ಕೊಟ್ಟಿದ್ದಾರೆ, ಬೆನ್ನು ಆನಿಸಿ ಕೂರುವ ಹಾಗಿಲ್ಲ. ಕಾಯಂ ಆಗುವವರೆಗೆ ಯಾವತ್ತು ಬೇಕಾದರೂ ಹಳೆಯ ಲೈನ್‌ಮನ್ ಕೆಲಸಕ್ಕೆ ಅಟ್ಟಬಹುದಿತ್ತು. ಲೈನ್‌ಮನ್ ಆಗಿದ್ದಾಗ ಕಾಮಠಿ ರಸ್ತೆಯಲ್ಲಿ ಕಂಬದಿಂದ ಜಾರಿ ಬಿದ್ದು ಬಲಮೊಣಕಾಲು ಕೆಡಿಸಿಕೊಂಡಿದ್ದರು. ನಮ್ಮ ಮನೆಯ ಮೂರು ಮೆಟ್ಟಿಲು ಹತ್ತುವಾಗಲೂ ಗೋಡೆ ಹಿಡಿಯುತ್ತಿದ್ದರು. ಅವರು ಮತ್ತೆ ಕಂಬ ಹತ್ತುವುದನ್ನು ನೆನೆಸಿಕೊಳ್ಳಲೂ ನನಗೆ ಆಗುತ್ತಿರಲಿಲ್ಲ. ಹನುಮಪ್ಪನಿಗೆ ಕೈಮುಗಿದಾಗಲೆಲ್ಲ ನಾನು ಬೇಡಿಕೊಳ್ಳುತ್ತಿದ್ದುದು ಒಂದೇ, ಇವರ ಕೆಲಸ ಕಾಯಂ ಆಗಲಿ.

ನಾಗಪುರದಲ್ಲಿ ನಮಗೆ ಬಳಗ ಅಂತ ಇದ್ದವರು ಒಬ್ಬರೇ. ಕರೆಂಟ್ ಕಂಪನಿಯಲ್ಲಿ ಲೈನಿನ ಮೇಲ್ವಿಚಾರಕರಾಗಿದ್ದ ನಮ್ಮ ಗದಗಿನ ಕಡೆಯವರು. ಅವರ ಹೆಂಡತಿ ಮಕ್ಕಳು ಊರಲ್ಲಿ, ತಾವು ಇಲ್ಲಿ ಒಂದು ಕೋಣೆ ಹಿಡಿದುಕೊಂಡು ಖಾನಾವಳಿಯ ಅನ್ನ ತಿನ್ನುತ್ತಿದ್ದರು. ಮೊದಲ ದಿನ ನನ್ನ ಕೈಯ ಬಿಸಿ ರೊಟ್ಟಿ, ಎಣಗಾಯಿ ತಿಂದು ಕಣ್ಣಲ್ಲಿ ನೀರು ತಂದುಕೊಂಡರು. ಖಾರ ಜಾಸ್ತಿಯಾಯಿತೇನೋ ಎಂದು ನಾನು ಗಾಬರಿಯಾದೆ. "ಇಲ್ಲ ತಂಗಿ, ನಮ್ಮವ್ವ ನೆನಪಾದಳು" ಎಂದರು. ಅಂದಿನಿಂದ ಅವರು ನನಗೆ ಅಣ್ಣ. ನನ್ನ ಒಡಹುಟ್ಟಿದವರು ದೂರ ಇದ್ದುದರಿಂದ ದೀಪಾವಳಿಯ ಭಾವುಬೀಜದ ದಿನ, ಅಲ್ಲಿನ ಹೆಂಗಸರು ಅಣ್ಣತಮ್ಮಂದಿರಿಗೆ ಮಾಡುವ ಹಾಗೆ, ನಾನೂ ಅವರನ್ನು ಮಣೆಯ ಮೇಲೆ ಕೂರಿಸಿ ಆರತಿ ಎತ್ತಿದೆ. ಕೆಲಸ ನಮ್ಮ ಕಡೆ ಬಿದ್ದ ದಿನ ನನ್ನ ಗಂಡ ಮನೆಯಲ್ಲಿ ಇರಲಿ ಬಿಡಲಿ ಬಂದು, ಹೊರಗಿನ ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಹೋಗುತ್ತಿದ್ದರು. ಒಮ್ಮೊಮ್ಮೆ ಸೈಕಲ್ಲಿನ ಹ್ಯಾಂಡಲ್ಲಿಗೆ ತೂಗುಬಿಟ್ಟ ಚೀಲದಲ್ಲಿ ಕಿತ್ತಳೆ ತರುತ್ತಿದ್ದರು.

ಆ ವರ್ಷ ಊರಾಚೆ ಒಂದು ಹೆರಿಗೆ ಆಸ್ಪತ್ರೆ ಶುರುವಾಯಿತು. ಅಲ್ಲಿನ ಡಾಕ್ಟರ್ ಬಾಯಿ ಟೆಲಿಫೋನ್ ಬೇಕೆಂದು ಮೇಲಿನವರ ತಲೆ ತಿನ್ನತೊಡಗಿದರು. ಮೇಲಿನವರು ನನ್ನ ಗಂಡನ ತಲೆ ತಿನ್ನತೊಡಗಿದರು. ಖಾತೆಯಲ್ಲಿ ಕಂಬಗಳಿಗೆ ಬರ. ಯಾವಾಗ ಬರುತ್ತವೆಂದು ಯಾರಿಗೂ ಗೊತ್ತಿಲ್ಲ. ಆಸ್ಪತ್ರೆಯ ಬಾಗಿಲಿನವರೆಗೆ ಕರೆಂಟಿನ ಕಂಬಗಳು ಮಾತ್ರ ಸಾಲಾಗಿ ನಿಂತಿದ್ದವು. ಈ ಕೆಲಸ ಮಾಡಿ ತೋರಿಸು, ನಿನ್ನನ್ನು ಕಾಯಂ ಮಾಡುವ ಜವಾಬ್ದಾರಿ ನನ್ನದು ಎಂದು ಸಾಹೇಬರು ಹೇಳಿದ್ದನ್ನು ಇವರು ಮನೆಗೆ ಬಂದು ನನಗೆ ಎರಡು ಸಲ ಹೇಳಿದರು.

ಒಂದು ಭಾನುವಾರ ಅಣ್ಣ ಊಟಕ್ಕೆ ಬಂದಿದ್ದರು. ಅಡುಗೆಮನೆಯಲ್ಲೇ ಇಬ್ಬರಿಗೂ ತಾಟು ಹಾಕಿದ್ದೆ. ನಾನು ಒಲೆಯ ಮುಂದೆ ಕೂತು ರೊಟ್ಟಿ ಬಡಿದು ಬಡಿದು ಬಿಸಿಬಿಸಿ ಹಾಕುತ್ತಿದ್ದೆ. ಇವರು ವಿಷಯ ತೆಗೆದರು.

"ಅದಕ್ಯಾಕ ಅಷ್ಟ ಚಿಂತಿ ಮಾಡ್ತಿ ದೋಸ್ತಾ? ನಮ್ಮ ಕಂಬ ಅದಾವಲ್ಲ, ಕಟ್ಟು" ಎಂದರು ಅಣ್ಣ.

"ಪರವಾನಗಿ ಕಾಗದ?"

"ಕಾಗದ ಹಿಂದಿಂದ ಬರ್ತೈತಿ. ಎಲ್ಲಾರೂ ಹಂಗ ಮಾಡೂದು. ನಾ ಅದೀನಲ್ಲ!"

"ಮತ್ತ ಗಾರ್ಡ್?"

"ಅದನ್ನೂ ನಾನ ಕಟ್ಟಸ್ತೀನಿ. ಎಲ್ಲಾ ಬರೋಬರ್ ಆಗ್ತೈತಿ. ತಂಗಿ, ಇನ್ನೊಂದು ರೊಟ್ಟಿ ಹಾಕು. ನಿನ್ನ ಗಂಡ ಕಾಯಂ ಆದ ದಿನ ಹೋಳಿಗಿ ಊಟ ಹಾಕಸ್ಬೇಕು ನೀ."

ಕರೆಂಟಿನವರು ಮತ್ತು ಟೆಲಿಫೋನಿನವರ ನಡುವೆ ಒಂದು ಪದ್ಧತಿ ಇತ್ತು. ಬಾಯಿಮಾತಿನಲ್ಲಿ ಒಪ್ಪಿಗೆಯಾದರೆ ಕರೆಂಟಿನವರು ಬಂದು ತಮ್ಮ ಕಂಬದ ಮೇಲೆ ಕೆಮ್ಮಣ್ಣಿನ ಪಟ್ಟೆ ಎಳೆಯುವುದು. ಈ ಪಟ್ಟೆಯ ಕೆಳಗೆ ನಿಮ್ಮದು, ಮೇಲೆ ಬರಬೇಡಿ ಎಂದು ಅರ್ಥ. ಪಟ್ಟೆ ಬಿದ್ದರೆ ಅರ್ಧ ಪರವಾನಗಿ ಬಂದ ಹಾಗೆ. ಕಾಗದ ಬರುವವರೆಗೆ ಯಾರೂ ಕಾಯುತ್ತಿರಲಿಲ್ಲ. ಅಣ್ಣ ಕೈತೊಳೆದು ಏಳುವಾಗ, "ತುಳಸಿ ಕಟ್ಟಿಗೆ ಸಾರಸೂ ಕೆಮ್ಮಣ್ಣು ಐತಲ್ಲ, ಸ್ವಲ್ಪ ಕಲಸಿ ಕೊಡವಾ, ನಾಳೆ ಹೊತ್ತು ಮೂಡೂದಕ್ಕ ಹೋಗಿ ಪಟ್ಟಿ ಹೊಡದ ಬಿಡ್ತೀನಿ" ಎಂದರು. ನಾನು ಹಳೆಯ ಡಬ್ಬಿಯೊಂದರಲ್ಲಿ ಕಲಸಿ ಕೊಟ್ಟೆ. ಚೆಲ್ಲದಿರಲೆಂದು ಬಾಯಿಗೆ ಬಟ್ಟೆಯನ್ನೂ ಕಟ್ಟಿದೆ.

ಪಟ್ಟೆ ಬಿತ್ತು, ತಂತಿ ಎಳೆದರು, ಟೆಲಿಫೋನ್ ಮಾತಾಡಿತು. ಡಾಕ್ಟರ್ ಬಾಯಿ ನಮ್ಮ ಮನೆಗೆ ಪೇಡೆ ಕಳಿಸಿದರು. ಆದರೆ ಗಾರ್ಡ್ ಬರಲಿಲ್ಲ. ಇವರು ಕೇಳಿದಾಗಲೆಲ್ಲ ಅಣ್ಣನದು ಒಂದೇ ಮಾತು, "ಜಲ್ದಿ ಆಗ್ತೈತಿ, ಜಲ್ದಿ ಆಗ್ತೈತಿ." ಚಳಿ ಹೋಯಿತು. ಅಲ್ಲಿಯವರು ನವತಪಾ ಎನ್ನುವ ಉರಿಬಿಸಿಲಿನ ದಿನಗಳು ಬಂದವು. ಆ ಬಿಸಿಲಿನ ಕೊನೆಗೆ ಒಂದು ಸಂಜೆ ಆಂಧಿಯೆಂಬ ದೂಳಿನ ಬಿರುಗಾಳಿ ಎದ್ದು, ಹಿಂದೆಯೇ ಮಳೆ ಹೊಡೆಯಿತು.

ಕರೆಂಟಿನ ತಂತಿ ಹರಿದು ನಮ್ಮ ತಂತಿಯ ಮೇಲೆ ಬಿತ್ತು. ಆಸ್ಪತ್ರೆಯಲ್ಲಿ ಟೆಲಿಫೋನ್ ಎತ್ತಿದ ಆಯಾಬಾಯಿಯ ಅಂಗೈ ಸುಟ್ಟುಹೋಯಿತು. ಜೀವ ಉಳಿಯಿತು, ದೇವರು ದೊಡ್ಡವನು. ಆದರೆ ಆಸ್ಪತ್ರೆಯಲ್ಲಿ ನಡೆದದ್ದು ಊರಿಗೆಲ್ಲ ಗೊತ್ತಾಗದೆ ಇರುತ್ತದೆಯೇ? ಎರಡೂ ಕಡೆಯ ಸಾಹೇಬರು ಕೂತು ವಿಚಾರಣೆ ಮಾಡುವುದೆಂದು ನಿಶ್ಚಯವಾಯಿತು. ಪರವಾನಗಿ ಯಾರು ಕೊಟ್ಟರು, ಗಾರ್ಡ್ ಯಾಕಿಲ್ಲ, ಇವೆರಡೇ ಪ್ರಶ್ನೆ. ಕಂಬದ ಮೇಲಿನ ಕೆಮ್ಮಣ್ಣು ಮಳೆಗೆ ತೊಳೆದುಹೋಗಿತ್ತು.

ಅಣ್ಣ ಮನೆಗೆ ಬರುವುದು ನಿಂತಿತು. ನಾನು ಅವರ ಮೇಲೆ ಸಂಶಯ ಪಡಲಿಲ್ಲ. ಪಾಪ, ಅವರಿಗೂ ಕಂಪನಿಯಲ್ಲಿ ಕಿರಿಕಿರಿ ಇರಬೇಕು ಎಂದುಕೊಂಡೆ. ಒಂದು ದಿನ ಸೀತಾಬರ್ಡಿಯ ಬಜಾರಿನಲ್ಲಿ ಎದುರಿಗೇ ಬರುತ್ತಿದ್ದರು. "ಅಣ್ಣಾ" ಎಂದು ಕರೆದೆ. ನನ್ನನ್ನು ನೋಡಿದರು, ಸೈಕಲ್ ತಿರುಗಿಸಿದರು, ಬಂದ ದಾರಿಗೇ ಹೋಗಿಬಿಟ್ಟರು. ತರಕಾರಿಯವಳು ನನ್ನ ಮುಖ ನೋಡಿ "ಕಾಯ್ ಝಾಲಂ ಬಾಯಿ?" ಎಂದು ಕೇಳಿದಳು. ಏನೂ ಆಗಿಲ್ಲ ಎಂದೆ. ಮನೆಗೆ ಬಂದು ನೋಡಿದರೆ ಕೊಂಡಿದ್ದ ಬದನೆಕಾಯಿಯನ್ನು ಅಲ್ಲೇ ಮರೆತಿದ್ದೆ.

ಆ ದಿನವೇ ಇವರಿಗೂ ಸುದ್ದಿ ತಲುಪಿತ್ತು. ಅಣ್ಣ ತಮ್ಮ ಸಾಹೇಬರ ಮುಂದೆ, ಆ ತಂತಿಯ ವಿಷಯವೇ ನನಗೆ ಗೊತ್ತಿಲ್ಲ, ನಮ್ಮನ್ನು ಕೇಳದೆ ಕಟ್ಟಿದ್ದಾರೆ ಎಂದು ಹೇಳಿಬಿಟ್ಟಿದ್ದರು. ಆ ಬಾಯಿ ನನ್ನ ರೊಟ್ಟಿ ತಿಂದ ಬಾಯಿ. ತಂಗಿ ತಂಗಿ ಎನ್ನುತ್ತಿದ್ದ ಬಾಯಿ.

"ನಾ ಬಂದು ಹೇಳ್ತೀನಿ" ಎಂದೆ. "ನನ್ನ ಮುಂದ ಮಾತು ಕೊಟ್ಟಾನ ಅಂವ. ಕೆಮ್ಮಣ್ಣು ಕಲಸಿ ಕೊಟ್ಟಾಕಿ ನಾನು. ನಿಯಮ ಏನಂತನೂ ನನಗ ಗೊತ್ತೈತಿ. ಕೇಳ್ಲಿ, ಹೇಳ್ತೀನಿ."

ಇವರು "ಆಗ್ಲಿ, ಬಾ" ಎಂದರು. ಇಷ್ಟು ದಿನದ ಬಾಯಿಪಾಠ ಕೆಲಸಕ್ಕೆ ಬಂತಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆಯೂ ಆಯಿತು. ಕನ್ನಡದಲ್ಲಿ ಯೋಚಿಸಿ, ನನಗೆ ಬರುವ ಮುರುಕು ಹಿಂದಿಯಲ್ಲಿ ಏನು ಹೇಳಬೇಕೆಂದು ಪಾತ್ರೆ ಬೆಳಗುತ್ತಾ ಜೋಡಿಸಿಕೊಂಡೆ.

ವಿಚಾರಣೆಯ ದಿನ ಮದುವೆಯ ಇಳಕಲ್ ಸೀರೆ ಉಟ್ಟು ಹೋದೆ. ಕಚೇರಿಯ ವರಾಂಡದ ಬೆಂಚಿನ ಮೇಲೆ ನನ್ನನ್ನು ಕೂರಿಸಿ, "ಕರದಾಗ ಬಾ" ಎಂದು ಹೇಳಿ ಇವರು ಒಳಗೆ ಹೋದರು. ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿದ್ದರು. ಅದರಾಚೆಗೆ ಆಡಿದ ಮಾತೆಲ್ಲ ಕೇಳಿಸುತ್ತಿತ್ತು. ಮೊದಲು ಅಣ್ಣನ ದನಿ. ಗೊತ್ತಿಲ್ಲ, ಹೇಳಿಲ್ಲ, ಕೇಳಿಲ್ಲ. ಒಂದು ಕಡೆಯೂ ತಡವರಿಸಲಿಲ್ಲ. ಆಮೇಲೆ ಇವರು ಎಲ್ಲವನ್ನೂ ಸರಿಯಾಗಿಯೇ ಹೇಳಿದರು. ಭಾನುವಾರದ ಊಟ, ಕೊಟ್ಟ ಮಾತು, ಗಾರ್ಡ್, ಪಟ್ಟೆ. ನಾನು ಸೆರಗು ಸರಿಮಾಡಿಕೊಂಡು ಬೆಂಚಿನ ತುದಿಗೆ ಬಂದೆ.

ಸಾಹೇಬರು ಕೇಳಿದರು, "ಉಸ್ ವಕ್ತ್ ವಹಾಂ ಔರ್ ಕೌನ್ ಥಾ?"

ಆ ಹೊತ್ತಿನಲ್ಲಿ ಅಲ್ಲಿ ಇನ್ನು ಯಾರಿದ್ದರು? ನಾನು ಎದ್ದು ನಿಂತಿದ್ದೆ.

"ಕೋಯೀ ನಹೀಂ ಸಾಬ್" ಎಂದರು ನನ್ನ ಗಂಡ.

ಯಾರೂ ಇರಲಿಲ್ಲವಂತೆ! ಕೇಳಿದ್ದು ತಪ್ಪಿರಬೇಕೆಂದು ಬಾಗಿಲಿಗೆ ಹೋದೆ. ಇವರು ನನ್ನನ್ನು ನೋಡಿ, ಬೇಡ ಎಂದು ತಲೆಯಾಡಿಸಿದರು. ಏನೋ ಯೋಚನೆ ಇರಬೇಕು ಎಂದು ನಂಬಿ ಹಿಂದೆ ಸರಿದೆ. ಸ್ವಲ್ಪ ಹೊತ್ತಿಗೆ ಅಣ್ಣ ಹೊರಗೆ ಬಂದು, ತಮ್ಮ ಚಪ್ಪಲಿ ನೋಡಿಕೊಳ್ಳುತ್ತಾ ನನ್ನ ಮುಂದೆಯೇ ನಡೆದುಹೋದರು.

ಹಂಗಾಮಿ ಕುರ್ಚಿ ಹೋಯಿತು. ಆ ಮಳೆಗಾಲದಲ್ಲೇ ಇವರು ಕೆಟ್ಟ ಮೊಣಕಾಲು ಇಟ್ಟುಕೊಂಡು ಮತ್ತೆ ಕಂಬ ಹತ್ತಿದರು. ಇನ್‌ಸ್ಪೆಕ್ಟರ್ ಆಗದೆಯೇ ನಿವೃತ್ತರಾದರು. ಅದನ್ನೆಲ್ಲ ನಾನು ಹೇಗೋ ನುಂಗಿಕೊಂಡೆ. ಬಡತನಕ್ಕೆ ಹೆದರಿದವಳಲ್ಲ ನಾನು. ನುಂಗಲಾಗದೆ ಉಳಿದದ್ದು ಆ ದಿನ ಮನೆಗೆ ಬರುವ ದಾರಿಯಲ್ಲಿ ಆಡಿದ ಮಾತು.

ಇವರು ಸೈಕಲ್ ತಳ್ಳಿಕೊಂಡು, ನಾನು ಪಕ್ಕಕ್ಕೆ. ಕಚೇರಿಯ ಗೇಟು ದಾಟುವವರೆಗೆ ತಡೆದುಕೊಂಡು ಕೇಳಿದೆ, "ಯಾರೂ ಇರಲಿಲ್ಲ ಅಂದ್ರಲ್ಲ, ಒಲಿ ಮುಂದ ಕೂತಾಕಿ ಯಾರು ಹಂಗಾರ? ರೊಟ್ಟಿ ತಾವ ಬಂದು ತಾಟಿಗೆ ಬಿದ್ದುವೇನು?"

"ಅಂವ ನಿನ್ನೆ ಬಂದಿದ್ದ" ಎಂದರು. "ನಮ್ಮ ಆಫೀಸಿನ ಗೇಟಿನ ಹತ್ರ ನಿಂತಿದ್ದ. 'ನಿನ್ನ ಹೆಂಡ್ತೀನ್ನ ಸಾಕ್ಷಿ ಅಂತ ನಿಲ್ಲಿಸ್ದಿ ಅಂದ್ರ, ನೀ ಇಲ್ಲದಾಗ ನಾ ಯಾಕ ನಿಮ್ಮ ಮನಿಗೆ ಬರ್ತಿದ್ದೆ ಅಂತನೂ ಕೇಳ್ತಾರ ನೋಡು, ನಾ ಏನ್ ಹೇಳ್ಲಿ ಆಗ' ಅಂದ."

ಆರತಿ ಎತ್ತಿಸಿಕೊಂಡವನು ಹೇಳುವ ಮಾತೇ ಅದು? ಅಲ್ಲೇ ರಸ್ತೆಯಲ್ಲಿ ನಿಂತು ಅತ್ತೆ. ಟಾಂಗಾದವನೊಬ್ಬ ತಿರುಗಿ ನೋಡಿಕೊಂಡು ಹೋದ. ಇವರಿಗೆ ನನ್ನ ಅಳುವಿಗಿಂತ ಟಾಂಗಾದವನ ನೋಟವೇ ದೊಡ್ಡದಾಯಿತು.

"ಅಳಬ್ಯಾಡ, ಮಂದಿ ನೋಡ್ತಾರ" ಎಂದರು. "ನಿನ್ನ ಕರಕೊಂಡ ಬಂದಿದ್ದೇನೋ ಖರೆ, ಆದ್ರ ಸಾಹೇಬ್ರು ಕೇಳಿದ ಕೂಡ್ಲೆ ಅಂವ ಅಂದದ್ದ ನೆನಪಾತು. ನೌಕರಿ ಹೋದ್ರ ಹೋಗ್ಲಿ. ನಿನ್ನ ಮರ್ಯಾದಿ ಉಳಿಸೀನಿ."

ನಾನು ಮರ್ಯಾದೆ ಕಳೆದುಕೊಂಡಿದ್ದು ಯಾವಾಗ, ಇವರು ಉಳಿಸಲಿಕ್ಕೆ? ಕಣ್ಣೊರೆಸಿಕೊಂಡೆ.

"ಅಂವ ಹಂಗ ಅಂದಾಗ ನೀವೇನಂದ್ರಿ?"

"ಏನೂ ಅನ್ನಲಿಲ್ಲ."

"ಯಾಕ ಬರ್ತಿದ್ದ ಅಂತ ನಿಮಗ ಗೊತ್ತಿರಲಿಲ್ಲೇನು?"

ಇವರು ಸೈಕಲ್ ನಿಲ್ಲಿಸಿದರು. ಕೆಟ್ಟ ಮೊಣಕಾಲನ್ನು ಕಷ್ಟಪಟ್ಟು ಮಡಚಿ ನೆಲಕ್ಕೆ ಕೂತು, ಚೈನನ್ನು ಹಿಡಿದು ಸರಿಮಾಡತೊಡಗಿದರು. ಉತ್ತರಕ್ಕಾಗಿ ಕಾಯುತ್ತಾ ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಚೈನು ಬಿದ್ದಿರಲೇ ಇಲ್ಲ.