ಸರಾಸರಿಯಲ್ಲಿ ಪಾಸಾದ ಬೆಲ್ಟುಗಳು

ನಾನು ಸಹಿ ಹಾಕಿ ಪಾಸ್ ಮಾಡಿದ ಬೆಲ್ಟು ಕಟ್ಟಿಕೊಂಡು ಒಬ್ಬ ಹುಡುಗ ಇಲ್ಲಿ ಪರದೇಶದ ಮಿರ್ಕಾಬ್ ಪೇಟೆಯ ಗಾಜಿನ ಕಟ್ಟಡದಲ್ಲಿ ದಿನಾ ನೇತಾಡುತ್ತಿದ್ದಾನೆ. ಈ ವಾರ ಬೇರೇನೂ ಬರೆಯಲು ಮನಸ್ಸೇ ಬರುತ್ತಿಲ್ಲ, ಮಾರಾಯ್ರೆ.

ಸುಲೈಬಿಯಾದ ನಮ್ಮ ಲ್ಯಾಬಿನ ಕೆಲಸ ನಿಮಗೆ ಗೊತ್ತೇ ಇದೆ. ಸೇಫ್ಟಿ ಬೆಲ್ಟನ್ನು ಮೆಷಿನ್ನಿಗೆ ಸಿಕ್ಕಿಸಿ ಹರಿಯುವ ತನಕ ಎಳೆಯುವುದು, ಎಷ್ಟು ಭಾರಕ್ಕೆ ಹರಿಯಿತೆಂದು ಬರೆದಿಡುವುದು. ಕಳೆದ ತಿಂಗಳು ಒಂದು ದೊಡ್ಡ ಲಾಟ್ ಬಂತು. ಮೂವತ್ತು ಬೆಲ್ಟು ಎಳೆದೆವು. ಸರಾಸರಿ ಚೆನ್ನಾಗಿತ್ತು. ಆದರೆ ಅದೊಂದೇ ಸಾಕೇ? ಒಂದು ಬೆಲ್ಟು ಮೂವರನ್ನು ತಾಳಿ, ಇನ್ನೊಂದು ಒಬ್ಬನನ್ನೂ ತಾಳದಿದ್ದರೆ? ಅದಕ್ಕೇ ವೇರಿಯನ್ಸ್ ಟೆಸ್ಟ್. ಇಡೀ ಲಾಟಿನ ಏರುಪೇರು ಮಿತಿಯೊಳಗಿದೆ ಎಂಬ ಊಹೆಯನ್ನು ಸ್ಯಾಂಪಲ್ಲಿನ ಅಳತೆಗಳಿಂದ ಪರೀಕ್ಷಿಸುವುದು. ಮಾಡಿದೆ. ಪಾಸ್. ಸಹಿ ಹಾಕಿದೆ.

ಮೊನ್ನೆ ಅದೇ ಫೈಲ್ ತೆಗೆದಾಗ ನನ್ನ ತಪ್ಪು ಕಣ್ಣಿಗೆ ಬಿತ್ತು. ನಮ್ಮಲ್ಲೊಂದು ಹಳೆಯ ಪದ್ಧತಿ ಉಂಟು: ಮೂರು ಬೆಲ್ಟಿನ ಅಳತೆ ಕೂಡಿಸಿ, ಸರಾಸರಿ ತೆಗೆದು, ಫಾರ್ಮಿನಲ್ಲಿ ಒಂದೇ ಅಂಕಿ ಬರೆಯುವುದು. (ರಿಪೋರ್ಟ್ ಚಂದ ಕಾಣ್ತದಂತೆ!) ನಾನು ಆ ಹತ್ತು ಅಂಕಿಗಳನ್ನೇ ಟೆಸ್ಟಿಗೆ ಹಾಕಿದ್ದೆ. ಎರಡು ಗಟ್ಟಿ ಬೆಲ್ಟಿನ ಜೊತೆ ಸೇರಿ ಬಲವೇ ಇಲ್ಲದ ಒಂದು ಲಡ್ಡು ಬೆಲ್ಟು ಮರೆಯಾಗಿತ್ತು. ಮೆಷಿನ್ನಿನ ದಾಖಲೆಯಿಂದ ಮೂವತ್ತೂ ಬಿಡಿ ಅಳತೆ ತೆಗೆದು ಹಾಕಿ ಮತ್ತೆ ಲೆಕ್ಕ ಮಾಡಿದೆ. ಉತ್ತರ ಟೆಸ್ಟಿನ ಕೋಷ್ಟಕದಲ್ಲಿ ಕೊಟ್ಟ ಗಡಿ ದಾಟಿ ಎಲ್ಲಿಗೋ ಹೋಯಿತು. ಫೇಲ್. ಇಷ್ಟು ವರ್ಷದ ಅನುಭವ ಬೇರೆ! ನಾಚಿಕೆಯಾಗಬೇಕು ನನಗೆ.

ಮ್ಯಾನೇಜರ್ ಬಳಿ ಓಡಿದೆ. ಸರಾಸರಿ ಓಕೆ ತಾನೆ, ಲಾಟ್ ಹೋಗಿಯಾಯ್ತು, ಖಲಾಸ್ ಎಂದರು. ಜಗಳ ಮಾಡಿದ ಮೇಲೆ ಬೆಲ್ಟು ತಗೊಂಡ ಕಂಪನಿಗೆ ಒಂದು ಮೇಲ್ ಹೋಯಿತು. ಉತ್ತರ ಬಂದಿಲ್ಲ.

ಆ ಕಂಪನಿಯ ಪರವಾಗಿ ಮಿರ್ಕಾಬಿನ ಆ ಕಟ್ಟಡದ ಗಾಜು ಒರೆಸುವ ಉಮೇಶ ಕಾಪು ಕಡೆಯವನು, ಖೈತಾನಿನಲ್ಲಿ ನಮ್ಮ ಬಿಲ್ಡಿಂಗಿನಲ್ಲೇ ಇರುವುದು. ಅವನ ಬೆಲ್ಟು ನೋಡಿದೆ. ಅದೇ ಲಾಟ್. ಇದನ್ನು ಕಟ್ಟಬೇಡ, ನಾನೇ ಹೊಸದು ತರ್ತೇನೆ ಎಂದೆ. ಕಂಪನಿ ಕೊಟ್ಟದ್ದು ಬಿಟ್ಟು ಬೇರೆ ಕಟ್ಟಿದರೆ ಸೈಟಿಗೆ ಬಿಡುವುದಿಲ್ಲವಂತೆ. ಮೇಲೆ ಹತ್ತಲ್ಲ ಅಂದರೆ ಊರಿಗೇ ಕಳಿಸ್ತಾರಂತೆ.

ಅವನು ಬೆಲ್ಟನ್ನು ನನ್ನ ಕೈಗೆ ಕೊಟ್ಟು ಮೆಲ್ಲಗೆ ಕೇಳಿದ: "ಎಲ್ಲವೂ ಹಾಳಲ್ಲ ಅಲ್ವಾ ಅಕ್ಕ? ನನ್ನದು ಗಟ್ಟಿಯದ್ದಾ, ಲಡ್ಡಾ? ಅದೊಂದು ಹೇಳಿ."

ಹರಿದು ನೋಡದೆ ಅದನ್ನು ಹೇಳುವ ಟೆಸ್ಟ್ ನಿಮ್ಮಲ್ಲಿ ಯಾರಿಗಾದರೂ ಗೊತ್ತುಂಟಾ?