ಮಿರ್ಚಿ ಕಾಗದದ ಷೇರುಪೇಟೆ

ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಮೇಲೆ ಓಡುತ್ತಿದ್ದವು. ಬಟ್ಟೆ ಗಿರಣಿಯೊಂದರಲ್ಲಿ ನಾನು ಕೊಂಡಿದ್ದ ಷೇರು ಬಿದ್ದೀತೆಂಬ ಭಯಕ್ಕೆ, ಮಾರಿಬಿಡಿ ಅಂತ ಮುಂಬಯಿಯ ದಲ್ಲಾಳಿಗೆ ತಂತಿ ಕೊಡಲು ಮಾನ್ವಿಯಿಂದ ರಾಯಚೂರಿಗೆ ಹೊರಟಿದ್ದೆ. ಇದ್ದಿಲು ತುಂಬಲು ಬಸ್ಸು ನೀರಮಾನ್ವಿಯಲ್ಲಿ ನಿಂತಾಗ ಬಿಸಿ ಮಿರ್ಚಿ ಭಜಿ ಕೊಂಡೆ. ಸುತ್ತಿಕೊಟ್ಟ ಪೇಪರಿನ ಮೇಲೆ ನನ್ನದೇ ಗಿರಣಿ! ಬ್ಯಾಂಕುಗಳು ಬಡ್ಡಿ ಇಳಿಸಿವೆ, ಷೇರು ಗಗನಕ್ಕೇರಿದೆ!

"ಬಡ್ಡಿ ಇಳದದ, ಷೇರು ಏರ್ಯದ! ಇಡೀ ಬಸ್ಸಿಗೆ ಮಿರ್ಚಿ ಕೊಡಪಾ!" ಎಂದು ಕೂಗಿಬಿಟ್ಟೆ.

ಪಕ್ಕದಲ್ಲಿದ್ದ ಹಿರೇಕೊಟ್ನೆಕಲ್ಲಿನ ಮುದುಕಿ ಕೇಳಿದಳು: "ಬಡ್ಡಿ ಇಳದ್ರ ನಿನಗ್ಯಾಕ ಖುಷಿ ಯಪ್ಪಾ?"

"ಬ್ಯಾಂಕಿನ್ಯಾಗ ಬಡ್ಡಿ ಕಡಿಮಿ ಸಿಕ್ರ ಮಂದಿ ರೊಕ್ಕ ತಗದು ಷೇರಿಗೆ ಹಾಕ್ತಾರ ಯವ್ವಾ. ಆಗ ಷೇರಿನ ಭಾವ ಏರತದ."

"ತಕ್ಕಡಿ ಇದ್ದಂಗ ಅನ್ನು. ನನ್ನ ಕಾಗದದಾಗ ಏನದ ನೋಡು."

ನೋಡಿದೆ. ಅದರಲ್ಲಿ ಬಡ್ಡಿ ಏರಿತ್ತು, ಷೇರು ಪಾತಾಳಕ್ಕಿಳಿದಿತ್ತು. ನನ್ನ ಮುಖ ಕಂಡು ಬಸ್ಸಿಗೆ ಬಸ್ಸೇ ಮರುಗಿತು.

"ನಂದು ಓದ್ರಿ!"

"ನಂದರಾಗ ಏರಿರತದ ನೋಡ್ರಿ!"

ಎಣ್ಣೆ ಸೋರುವ ಕಾಗದಗಳು ಮೂಗಿಗೇ ಬಂದವು. ಏರಿದ್ದರೆ ಚಪ್ಪಾಳೆ, ಇಳಿದಿದ್ದರೆ "ಅಯ್ಯಯ್ಯ!" ತಾರೀಖು ಮಾತ್ರ ಒಂದರಲ್ಲೂ ಇಲ್ಲ, ಮಿರ್ಚಿಯವ ಹಳೇ ಪೇಪರಿನ ಕಟ್ಟನ್ನೇ ಹರಿದು ಹಂಚಿದ್ದ.

"ಮಾರಲೇನು, ಇಟ್ಕೊಳ್ಳಲೇನು?" ಎಂದು ಗೋಳಾಡಿದೆ.

"ಮದ್ಲು ತಿನ್ನು, ಆರತದ," ಅಂದಳು ಮುದುಕಿ. ಆಮೇಲೆ ನನ್ನ ಕೈಯಲ್ಲಿದ್ದ, ಎಲ್ಲಕ್ಕಿಂತ ಹೆಚ್ಚು ಭಾವದ ಕಾಗದ ಕಿತ್ತುಕೊಂಡು, ಅದಕ್ಕೇ ಕೈ ಒರೆಸಿಕೊಂಡು ಕಿಟಕಿಯಾಚೆ ಎಸೆದಳು.

ಆ ಭಾವಕ್ಕೆ ನನ್ನ ಷೇರು ಮತ್ತೆಂದೂ ಬರಲಿಲ್ಲ.